ಜೀವವಿಕಾಸದಲ್ಲಿ ಪಿಎಚ್‌ಡಿ: ಬೆಂಗಳೂರಾ, ಮೈಸೂರಾ, ಜರ್ಮನಿಯಾ, ಅಮೆರಿಕವಾ?

ಎಂಎಸ್ಸಿ ಕೊನೆಯ ಸೆಮಿಸ್ಟರ್ ಬಂತೆಂದರೆ ಒಂದೇ ಪ್ರಶ್ನೆ ನಾನಾ ರೂಪದಲ್ಲಿ ಬರತೊಡಗುತ್ತದೆ. ಬೆಂಗಳೂರಿನ ಎನ್‌ಸಿಬಿಎಸ್ ಸಂಶೋಧನಾ ಕೇಂದ್ರಕ್ಕೆ ಇನ್ನೊಂದು ವರ್ಷ ಕಾಯಲಾ? ಜರ್ಮನಿಗೆ ಅರ್ಜಿ ಹಾಕಲಾ? ನೆಟ್ ಪರೀಕ್ಷೆ ಆಗಿದೆ, ಮೈಸೂರು ವಿಶ್ವವಿದ್ಯಾಲಯದ ಮಾನಸಗಂಗೋತ್ರಿಯಲ್ಲೇ ಸೇರಿಬಿಡಲಾ? ಕೇಳುವವರಲ್ಲಿ ಪ್ರಾಣಿಶಾಸ್ತ್ರ ಓದಿದವರಿದ್ದಾರೆ, ಸಸ್ಯಶಾಸ್ತ್ರದವರು, ಬಯೋಟೆಕ್ನಾಲಜಿಯವರು, ಅರಣ್ಯಶಾಸ್ತ್ರದವರೂ ಇದ್ದಾರೆ. ಆಸೆ ಮಾತ್ರ ಎಲ್ಲರದ್ದೂ ಒಂದೇ. ಜೀವಿಗಳು ಹೇಗೆ ಬದಲಾದವು, ಈಗಲೂ ಹೇಗೆ ಬದಲಾಗುತ್ತಿವೆ ಅನ್ನೋದನ್ನು ಡಿಎನ್‌ಎ ಹಿಡಿದು ನೋಡಬೇಕು.

ಎಲ್ಲರಿಗೂ ಹೊಂದುವ ಉತ್ತರ ಇಲ್ಲ. ಆದರೆ ಹುಡುಕುವುದಕ್ಕೆ ಒಂದು ಕ್ರಮ ಇದೆ. ಹೆಚ್ಚಿನವರು ಸಂಸ್ಥೆಯ ಹೆಸರಿನಿಂದ ಶುರು ಮಾಡುತ್ತಾರೆ. ಈ ವಿಷಯದಲ್ಲಿ ನಾನು ಹೇಳುವುದು ಅದರ ಉಲ್ಟಾ: ಮೊದಲು ಜೀವಿ ಮತ್ತು ಪ್ರಶ್ನೆ, ಆಮೇಲೆ ಗೈಡ್, ಆಮೇಲೆ ದುಡ್ಡು ಮತ್ತು ವರ್ಷಗಳು, ಎಲ್ಲಕ್ಕಿಂತ ಕೊನೆಗೆ ಸಂಸ್ಥೆಯ ಹೆಸರು. ಯಾಕೆ ಅಂತ ಒಂದೊಂದಾಗಿ ನೋಡೋಣ.

ಯಾವ ಜೀವಿ, ಸ್ಯಾಂಪಲ್ ಎಲ್ಲಿಂದ?

ಉತ್ತರ ಕನ್ನಡದ ಕತ್ತಲೆಕಾನಿನಲ್ಲಿ ಕುಂಬಾರ ಕಪ್ಪೆ ಇದೆ. 2014ರಲ್ಲಿ ಹೊಸ ಪ್ರಭೇದ ಅಂತ ದಾಖಲಾದ ಇರುಳುಗಪ್ಪೆ ಅದು. ಮಳೆಗಾಲದ ರಾತ್ರಿ, ತೊರೆಯ ಅಂಚಿನಲ್ಲಿ, ಗಂಡು ಕಪ್ಪೆ ಹಿಂಗಾಲ ಮೇಲೆ ಎದ್ದು ನಿಂತು ಮುಂಗಾಲಿನಿಂದ ಕೆಸರು ತೆಗೆದು ಮೊಟ್ಟೆಗಳಿಗೆ ಮೆತ್ತುತ್ತದೆ. ಒಂದು ತೊರೆಯ ಕಪ್ಪೆಗಳು ಇನ್ನೊಂದು ತೊರೆಯವುಗಳ ಜೊತೆ ಎಷ್ಟು ಬೆರೆಯುತ್ತವೆ, ನಡುವೆ ಕಾಡು ಕಡಿದಿದ್ದರೆ ಏನಾಗುತ್ತದೆ ಅನ್ನೋದು ನಿಮ್ಮ ಪ್ರಶ್ನೆ ಅಂದುಕೊಳ್ಳಿ.

ಈ ಪ್ರಶ್ನೆ ಆರಿಸಿದ ಕೂಡಲೇ ಅರ್ಧ ತೀರ್ಮಾನ ತಾನಾಗೇ ಆಗಿಹೋಗುತ್ತದೆ. ನೀವು ಮಳೆಗಾಲದಲ್ಲಿ ಅಲ್ಲಿರಬೇಕು. ಕಪ್ಪೆ ಹಿಡಿದು, ಬಾಯೊಳಗೆ ಹತ್ತಿಯ ಕಡ್ಡಿ ಸವರಿ ಅಥವಾ ಬೆರಳ ತುದಿಯ ಚೂರು ತೆಗೆದು, ಆಲ್ಕೋಹಾಲ್ ತುಂಬಿದ ಸಣ್ಣ ಟ್ಯೂಬಿನಲ್ಲಿ ಹಾಕಬೇಕು. ಅದಕ್ಕೆ ಅರಣ್ಯ ಇಲಾಖೆಯ ಪರ್ಮಿಷನ್ ಬೇಕು. ಕರ್ನಾಟಕದಲ್ಲಾದರೆ ಮಲ್ಲೇಶ್ವರದ ಅರಣ್ಯ ಭವನದಿಂದ ಆ ಕಾಗದ ಬರಬೇಕು. ಪರ್ಮಿಷನ್ ಮೇನಲ್ಲಿ ಸಿಗದೆ ಅಕ್ಟೋಬರ್‌ನಲ್ಲಿ ಸಿಕ್ಕರೆ ಒಂದು ಇಡೀ ಮಳೆಗಾಲ ಹೋಯಿತು ಅಂತಲೇ ಲೆಕ್ಕ. ಐದು ವರ್ಷದ ಪಿಎಚ್‌ಡಿಯಲ್ಲಿ ಒಂದು ಮಳೆಗಾಲ ಸಣ್ಣ ನಷ್ಟ ಅಲ್ಲ.

ಇನ್ನು ಆ ಟ್ಯೂಬು ಹೊರದೇಶದ ಲ್ಯಾಬಿಗೆ ಹೋಗಬೇಕಾದರೆ ಜೀವವೈವಿಧ್ಯ ಕಾಯ್ದೆ 2002 ಅಡ್ಡ ಬರುತ್ತದೆ. ಚೆನ್ನೈನಲ್ಲಿರುವ ರಾಷ್ಟ್ರೀಯ ಜೀವವೈವಿಧ್ಯ ಪ್ರಾಧಿಕಾರದ ಒಪ್ಪಿಗೆ ಬೇಕು, ಇಲ್ಲವೇ ಸರ್ಕಾರ ಮಾನ್ಯ ಮಾಡಿದ ಸಹಯೋಗದ ಯೋಜನೆಯ ಒಳಗೆ ಕೆಲಸ ನಡೆಯಬೇಕು. ಎರಡಕ್ಕೂ ಸಮಯ ಹಿಡಿಯುತ್ತದೆ. ಹಾಗಾಗಿ ಪಶ್ಚಿಮ ಘಟ್ಟದ ಜೀವಿಯೇ ಬೇಕು ಅನ್ನುವವರಿಗೆ ಭಾರತದ ಲ್ಯಾಬ್ ಸಲೀಸು. ಹೊರದೇಶವೇ ಬೇಕಿದ್ದರೆ ಇಲ್ಲಿ ಪಾಲುದಾರ ಲ್ಯಾಬ್ ಇರುವ ಗೈಡ್‌ನೇ ಹುಡುಕಿ. ಡಿಎನ್‌ಎ ತೆಗೆಯುವುದು, ಸೀಕ್ವೆನ್ಸಿಂಗ್ ಅಂದರೆ ಅದರ ಅಕ್ಷರಗಳನ್ನು ಯಂತ್ರದಲ್ಲಿ ಓದಿಸುವುದು ಎಲ್ಲಾ ಇಲ್ಲೇ ಮುಗಿಯಲಿ, ಡೇಟಾ ಬಳಕೆಯ ಷರತ್ತನ್ನೂ ಸಹಯೋಗದ ಒಪ್ಪಂದದಲ್ಲೇ ಬರೆಸಿಕೊಳ್ಳಿ.

ಪ್ರಶ್ನೆ ಒಂದೇ ಊರಿಗೆ ಕಟ್ಟಿಕೊಂಡಿಲ್ಲದಿದ್ದರೆ ಕಥೆಯೇ ಬೇರೆ. ಬ್ಯಾಕ್ಟೀರಿಯಾ ಔಷಧಕ್ಕೆ ಹೇಗೆ ಒಗ್ಗಿಕೊಳ್ಳುತ್ತದೆ, ಒಂದು ಪ್ರಭೇದ ಹೇಗೆ ಎರಡಾಗುತ್ತದೆ, ಗಂಡು ಹೆಣ್ಣಿನ ಹಿತಗಳು ಎಲ್ಲಿ ಎದುರು ಬದುರಾಗುತ್ತವೆ ಅನ್ನುವಂಥ ಪ್ರಶ್ನೆಗಳಿಗೆ ನೊಣ, ಯೀಸ್ಟ್, ಸಣ್ಣ ಮೀನು ಯಾವುದಾದರೂ ಸಾಕು. ಆಗ ಇಡೀ ಜಗತ್ತು ನಿಮ್ಮ ಪಟ್ಟಿಯಲ್ಲಿರುತ್ತದೆ.

ಜೊತೆಗೆ ನಿಮ್ಮ ಸ್ವಭಾವವನ್ನೂ ಕೇಳಿಕೊಳ್ಳಿ. ಈ ಕ್ಷೇತ್ರದಲ್ಲಿ ಮೂರು ಥರದ ದಿನಚರಿ ಇದೆ: ಲ್ಯಾಬಿನ ದಿನಚರಿ, ಕಾಡಿನ ದಿನಚರಿ, ಕಂಪ್ಯೂಟರಿನ ದಿನಚರಿ. ಡಿಎನ್‌ಎ ಹಿಡಿದು ಜೀವಿ ಮತ್ತು ಪರಿಸರವನ್ನು ನೋಡುವ ಆಣ್ವಿಕ ಪರಿಸರ ವಿಜ್ಞಾನ ಅಂದರೆ ಬರೀ ಕಾಡಲ್ಲಿ ಓಡಾಡೋದು ಅಂದುಕೊಂಡು ಬರುವವರು ಜಾಸ್ತಿ. ನಿಜಕ್ಕೂ ಎರಡು ಋತು ಕಾಡು, ಒಂದು ವರ್ಷ ಲ್ಯಾಬಿನಲ್ಲಿ ಪಿಸಿಆರ್ (ಡಿಎನ್‌ಎ ನಕಲು ಮಾಡುವುದು) ಮತ್ತು ಸೀಕ್ವೆನ್ಸಿಂಗ್‌ಗೆ ಡಿಎನ್‌ಎ ಸಿದ್ಧಮಾಡುವ ಲೈಬ್ರರಿ ತಯಾರಿ, ಉಳಿದ ಎರಡು ಮೂರು ವರ್ಷ ಪರದೆಯ ಮುಂದೆ ಅನ್ನೋದೇ ಸಾಮಾನ್ಯ. ಆರ್, ಪೈಥಾನ್, ಲಿನಕ್ಸ್‌ನಂಥ ಕಂಪ್ಯೂಟರ್ ಸಾಧನಗಳನ್ನು ಕಲಿಯಲು ಮನಸ್ಸಿಲ್ಲದಿದ್ದರೆ ಈ ದಾರಿ ಎಲ್ಲಿ ಹಿಡಿದರೂ ಕಷ್ಟ.

ಗೈಡ್, ದುಡ್ಡು, ವರ್ಷಗಳು

ಗೈಡ್ ಬಗ್ಗೆ ನಾಲ್ಕು ವಿಷಯ ತಿಳಿದುಕೊಳ್ಳಿ. ಅವರ ಹತ್ತಿರ ಎಷ್ಟು ಜನ ಪಿಎಚ್‌ಡಿ ಮುಗಿಸಿದ್ದಾರೆ, ಎಷ್ಟು ವರ್ಷದಲ್ಲಿ? ಮುಗಿಸಿದವರು ಈಗ ಎಲ್ಲಿದ್ದಾರೆ? ಪೇಪರುಗಳಲ್ಲಿ ವಿದ್ಯಾರ್ಥಿಯ ಹೆಸರು ಮೊದಲು ಬರುತ್ತದಾ? ನಡುವೆ ಬಿಟ್ಟು ಹೋದವರು ಇದ್ದಾರಾ? ಭಾರತದಲ್ಲಿ ಐದನೆಯದೂ ಒಂದಿದೆ: ಗೈಡ್ ನಿವೃತ್ತಿಗೆ ಎಷ್ಟು ವರ್ಷ ಉಳಿದಿದೆ? ಐದು ವರ್ಷಕ್ಕಿಂತ ಕಮ್ಮಿ ಇದ್ದರೆ ಆಮೇಲೆ ನಿಮ್ಮನ್ನು ಯಾರು ನೋಡಿಕೊಳ್ಳುತ್ತಾರೆ ಅಂತ ಸೇರುವ ಮೊದಲೇ ಕೇಳಬೇಕು. ಇದರಲ್ಲಿ ಸಂಕೋಚ ಬೇಡ.

ದುಡ್ಡಿನ ವಿಷಯಕ್ಕೆ ಬಂದರೆ, ಎಷ್ಟು ಕೊಡುತ್ತಾರೆ ಅನ್ನೋದಕ್ಕಿಂತ ಎಷ್ಟು ವರ್ಷ ಕೊಡುತ್ತಾರೆ, ಅದು ಯಾರ ಹೆಸರಲ್ಲಿ ಬರುತ್ತದೆ ಅನ್ನೋದು ಮುಖ್ಯ. ನೆಟ್ ಪರೀಕ್ಷೆಯ ಮೂಲಕ ಸಿಗುವ ಸಿಎಸ್‌ಐಆರ್ ಅಥವಾ ಯುಜಿಸಿ ಫೆಲೋಶಿಪ್, ಅಂದರೆ ಜೆಆರ್‌ಎಫ್, ನಿಮ್ಮ ಹೆಸರಲ್ಲೇ ಇರುತ್ತದೆ. 2023ರ ಜನವರಿಯಿಂದ ಮೊದಲ ಎರಡು ವರ್ಷ ತಿಂಗಳಿಗೆ 37,000, ಆಮೇಲೆ 42,000 ರೂಪಾಯಿ, ಮನೆ ಬಾಡಿಗೆ ಭತ್ಯೆ ಬೇರೆ, ಒಟ್ಟು ಐದು ವರ್ಷ. ಗೈಡ್‌ನ ಪ್ರಾಜೆಕ್ಟಿನಿಂದ ಬರುವ ದುಡ್ಡು ಪ್ರಾಜೆಕ್ಟ್ ಮುಗಿದಾಗ ನಿಲ್ಲುತ್ತದೆ. ಸ್ವಂತ ಫೆಲೋಶಿಪ್ ಇದ್ದವರಿಗೆ ಗೈಡ್ ಆರಿಸುವ ಸ್ವಾತಂತ್ರ್ಯವೂ ಜಾಸ್ತಿ. ಆದರೆ ಫೆಲೋಶಿಪ್ ಹಣ ಕೆಲವು ತಿಂಗಳು ತಡವಾಗಿ ಒಟ್ಟಿಗೆ ಬೀಳುವುದೂ ಉಂಟು. ಶುರುವಿನ ಮೂರು ನಾಲ್ಕು ತಿಂಗಳ ಖರ್ಚು ಕೈಯಲ್ಲಿರಲಿ.

ನಿಮ್ಮ ಸ್ಟೈಪೆಂಡ್ ಬೇರೆ, ಸಂಶೋಧನೆಯ ಖರ್ಚು ಬೇರೆ. ಜೀಪು, ಫೀಲ್ಡ್ ಅಸಿಸ್ಟೆಂಟ್, ಕಿಟ್‌ಗಳು, ನೂರಾರು ಸ್ಯಾಂಪಲ್‌ಗಳ ಸೀಕ್ವೆನ್ಸಿಂಗ್ ಸೇರಿದರೆ ಲಕ್ಷಗಟ್ಟಲೆ ಆಗುತ್ತದೆ. ಆ ಹಣ ಗೈಡ್ ಹತ್ತಿರ ಇದೆಯಾ? ಈ ಪ್ರಶ್ನೆ ಕೇಳದೆ ಸೇರಿದವರು ಫ್ರೀಜರಿನಲ್ಲಿ ಸ್ಯಾಂಪಲ್ ಇಟ್ಟುಕೊಂಡು ವರ್ಷ ಕಾಯುತ್ತಾರೆ.

ಬೆಂಗಳೂರಿನ ಮೂರು ಬಾಗಿಲು

ಜೀವವಿಕಾಸ ಮತ್ತು ಪರಿಸರ ವಿಜ್ಞಾನಕ್ಕೆ ಭಾರತದಲ್ಲಿ ಬೆಂಗಳೂರಿನಷ್ಟು ದಟ್ಟವಾದ ಊರು ಇನ್ನೊಂದಿಲ್ಲ. ಕನ್ನಡದ ಮಕ್ಕಳಿಗೆ ಇದು ನಿಜವಾದ ಅದೃಷ್ಟ. ಎಷ್ಟೋ ಜನರಿಗೆ ಗೊತ್ತೇ ಇರುವುದಿಲ್ಲ ಅನ್ನೋದು ಬೇಸರದ ಸಂಗತಿ.

ಜಿಕೆವಿಕೆ ಆವರಣದ ಎನ್‌ಸಿಬಿಎಸ್ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ಭಾಗ. ಇಲ್ಲಿ ಉಮಾ ರಾಮಕೃಷ್ಣನ್ ಅವರ ಗುಂಪು ಹುಲಿಗಳ ತಳಿವಿಜ್ಞಾನದಲ್ಲಿ ಕೆಲಸ ಮಾಡುತ್ತದೆ. ಒಡಿಶಾದ ಸಿಮಿಲಿಪಾಲದ ಕಪ್ಪು ಹುಲಿಗಳ ಪಟ್ಟೆ ಅಗಲವಾಗಿ ಒಂದಕ್ಕೊಂದು ಕೂಡಿಕೊಂಡಿರುವುದಕ್ಕೆ ಒಂದೇ ಜೀನಿನ ಬದಲಾವಣೆ ಕಾರಣ ಎಂದು 2021ರಲ್ಲಿ ತೋರಿಸಿದ್ದು ಇವರೇ. ಇಂಥ ಕೆಲಸಕ್ಕೆ ಹುಲಿಯನ್ನು ಮುಟ್ಟಬೇಕೆಂದೇನೂ ಇಲ್ಲ. ಹಿಕ್ಕೆಯ ಹೊರಮೈಯಲ್ಲಿ ಹುಲಿಯ ಕರುಳಿನ ಕೋಶಗಳು ಅಂಟಿಕೊಂಡಿರುತ್ತವೆ. ಅದನ್ನು ಸವರಿ ಟ್ಯೂಬಿಗೆ ಹಾಕುತ್ತಾರೆ. ಅದರಲ್ಲಿ ಹುಲಿಯ ಡಿಎನ್‌ಎ ಕಮ್ಮಿ. ತಿಂದ ಜಿಂಕೆಯದ್ದು, ಬ್ಯಾಕ್ಟೀರಿಯಾದ್ದು ಜಾಸ್ತಿ. ಮಳೆ ಬಿದ್ದರೆ ಇದ್ದದ್ದೂ ಹಾಳಾಗುತ್ತದೆ. ಅದರೊಳಗಿಂದ ಒಂದು ಪ್ರಾಣಿಯ ಗುರುತು ಹಿಡಿಯುವ ತಾಳ್ಮೆ ಇದ್ದವರಿಗೆ ಇದು ಒಳ್ಳೆಯ ಜಾಗ. ಚಿಟ್ಟೆಗಳ ಅನುಕರಣೆಯ ಮೇಲೆ ಕೃಷ್ಣಮೇಘ ಕುಂಟೆ, ಬ್ಯಾಕ್ಟೀರಿಯಾ ಮತ್ತು ಹಿಟ್ಟಿನ ಹುಳುಗಳ ವಿಕಾಸದ ಮೇಲೆ ದೀಪಾ ಅಗಾಶೆ ಇಲ್ಲೇ ಕೆಲಸ ಮಾಡುತ್ತಿದ್ದಾರೆ. ಪ್ರವೇಶಕ್ಕೆ ಜೆ-ಜೀಬಿಲ್ಸ್ ಪರೀಕ್ಷೆ, ಆಮೇಲೆ ಸಂದರ್ಶನ. ಪರೀಕ್ಷೆಯಲ್ಲಿ ಬಾಯಿಪಾಠ ನಡೆಯುವುದಿಲ್ಲ. ಒಂದು ಗ್ರಾಫ್ ಕೊಟ್ಟು ಯೋಚಿಸಲು ಹೇಳುತ್ತಾರೆ. ಸೌಲಭ್ಯ ಅತ್ಯುತ್ತಮ, ಸೀಟು ಬಹಳ ಕಮ್ಮಿ.

ಭಾರತೀಯ ವಿಜ್ಞಾನ ಸಂಸ್ಥೆಯ ಪರಿಸರ ವಿಜ್ಞಾನ ಕೇಂದ್ರ, ಅಂದರೆ ಸಿಇಎಸ್, 1983ರಲ್ಲಿ ಮಾಧವ ಗಾಡ್ಗೀಳರ ನೇತೃತ್ವದಲ್ಲಿ ಶುರುವಾಯಿತು. ರಾಘವೇಂದ್ರ ಗದಗ್ಕರ್ ಅವರು ಕಣಜಗಳ ಸಮಾಜವನ್ನು ದಶಕಗಳ ಕಾಲ ನೋಡಿ ಜಗತ್ತೇ ಗಮನಿಸುವಂಥ ಕೆಲಸ ಮಾಡಿದ್ದು ಇಲ್ಲೇ. ಅವರ ಸ್ವಂತ ಪಿಎಚ್‌ಡಿ ಅಣು ಜೀವವಿಜ್ಞಾನದಲ್ಲಿ, ಅದೂ ಬ್ಯಾಕ್ಟೀರಿಯಾಗಳ ವೈರಸ್ ಮೇಲೆ. ಬಯೋಟೆಕ್ನಾಲಜಿ ಓದಿ ಪರಿಸರದ ಕಡೆ ಬರೋದು ತಡವಾಯಿತು ಅಂತ ಕೊರಗುವವರು ಇದನ್ನು ನೆನಪಿಟ್ಟುಕೊಳ್ಳಬೇಕು. ಪ್ರವೀಣ್ ಕಾರಂತ್ ಅವರ ಗುಂಪು ಹಲ್ಲಿ, ಲಂಗೂರ್ ಮುಂತಾದವುಗಳ ವಂಶವೃಕ್ಷವನ್ನು ಡಿಎನ್‌ಎಯಿಂದ ಕಟ್ಟುತ್ತದೆ. ಭಾರತದ ಜೀವಿಗಳು ಎಲ್ಲಿಂದ ಬಂದವು ಅನ್ನುವ ಪ್ರಶ್ನೆ ಇದ್ದವರಿಗೆ ಇದು ಸರಿಯಾದ ಜಾಗ. ಇಲ್ಲಿಗೆ ನೆಟ್ ಜೆಆರ್‌ಎಫ್ ಅಥವಾ ಗೇಟ್ ಬೇಕು. ಗೇಟ್‌ನಲ್ಲಿ ಇಕಾಲಜಿ ಅಂಡ್ ಎವಲ್ಯೂಷನ್ ಅಂತಲೇ ಒಂದು ಪ್ರತ್ಯೇಕ ಪೇಪರ್ ಇದೆ. ನಮ್ಮ ಕಾಲೇಜುಗಳಲ್ಲಿ ಇದನ್ನು ಹೇಳುವವರೇ ಇಲ್ಲ. ನೆಟ್‌ನ ವಿಶಾಲ ಸಿಲೆಬಸ್ ನೋಡಿ ಹೆದರಿದವರಿಗೆ ಈ ಪೇಪರ್ ಹೆಚ್ಚು ಹತ್ತಿರ. ಗೇಟ್ ಅಂಕ ಮೂರು ವರ್ಷ ನಡೆಯುತ್ತದೆ ಅನ್ನೋದೂ ಅನುಕೂಲ.

ಮೂರನೆಯದು ಜಕ್ಕೂರಿನ ಜೆಎನ್‌ಸಿಎಎಸ್‌ಆರ್, ಅಂದರೆ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರ. ಚಿಕ್ಕ ಸಂಸ್ಥೆ, ಆದರೆ ಅಮಿತಾಭ್ ಜೋಶಿ ಅವರು ಕಟ್ಟಿದ ನೊಣದ ಲ್ಯಾಬ್ ಪ್ರಾಯೋಗಿಕ ವಿಕಾಸಕ್ಕೆ ಹೆಸರುವಾಸಿ. ಅಲ್ಲಿ ಹಣ್ಣಿನ ನೊಣಗಳ ಮೂಲ ಗುಂಪುಗಳನ್ನು 21 ದಿನದ ತಲೆಮಾರಿನ ಚಕ್ರದಲ್ಲಿ ಸಾಕುತ್ತಾರೆ. ಬೇಗ ಬೆಳೆಯುವ ನೊಣಗಳನ್ನೇ ತಲೆಮಾರಿನಿಂದ ತಲೆಮಾರಿಗೆ ಆರಿಸುತ್ತಾ ಹೋದರೆ ದೇಹದಲ್ಲಿ, ನಡತೆಯಲ್ಲಿ ಏನೇನು ಬದಲಾಗುತ್ತದೆ ಅಂತ ಕಣ್ಣೆದುರೇ ನೋಡಬಹುದು. ಈ ಕೆಲಸಕ್ಕೆ ಪರ್ಮಿಷನ್ ಕಾಯಬೇಕಿಲ್ಲ, ಮಳೆಗಾಲ ತಪ್ಪುವುದಿಲ್ಲ. ಆದರೆ ಚಕ್ರ ನಿಲ್ಲುವುದಿಲ್ಲ. ನೊಣ ಹೊರಬರುವ ದಿನ ದಸರಾ ಇದ್ದರೂ ಎಣಿಸಲೇಬೇಕು. ಇದೇ ಸಂಸ್ಥೆಯ ಟಿ.ಎನ್.ಸಿ. ವಿದ್ಯಾ ಅವರ ಗುಂಪು ಕಬಿನಿ ಸುತ್ತಲಿನ ಆನೆಗಳನ್ನು ಒಂದೊಂದಾಗಿ ಗುರುತಿಟ್ಟು ವರ್ಷಗಳಿಂದ ನೋಡುತ್ತಿದೆ.

ಡಿಎನ್‌ಎಗಿಂತ ಸಂರಕ್ಷಣೆ, ಜನಜೀವನ, ಕಾಡಿನ ನೀತಿ ಇವೇ ಹೆಚ್ಚು ಇಷ್ಟವಾದರೆ ಬೆಂಗಳೂರಿನದೇ ಆದ ಏಟ್ರೀ ಅನ್ನುವ ಸಂಶೋಧನಾ ಸಂಸ್ಥೆ ನೋಡಿ.

ಐಸರ್‌ಗಳು, ಹೈದರಾಬಾದ್, ಡೆಹ್ರಾಡೂನ್

ಬೆಂಗಳೂರಲ್ಲಿ ಸೀಟು ಸಿಗದಿದ್ದರೆ ಎಲ್ಲಾ ಮುಗಿಯಿತು ಅಂದುಕೊಳ್ಳುವವರು ಬಹಳ. ಹಾಗಲ್ಲ. ಐಸರ್ ಅಂದರೆ ಕೇಂದ್ರ ಸರ್ಕಾರದ ವಿಜ್ಞಾನ ಶಿಕ್ಷಣ ಮತ್ತು ಸಂಶೋಧನಾ ಸಂಸ್ಥೆ. ಪುಣೆ ಐಸರ್‌ನಲ್ಲಿ ಸುತೀರ್ಥ ಡೇ, ಮೊಹಾಲಿ ಐಸರ್‌ನಲ್ಲಿ ಎನ್.ಜಿ. ಪ್ರಸಾದ್ ಅವರ ಲ್ಯಾಬ್‌ಗಳು ಪ್ರಾಯೋಗಿಕ ವಿಕಾಸದಲ್ಲಿ ಗಟ್ಟಿಯಾಗಿವೆ. ತಿರುವನಂತಪುರ ಐಸರ್‌ನಲ್ಲಿ ಉಲ್ಲಾಸ ಕೋದಂಡರಾಮಯ್ಯ ಚಿಟ್ಟೆಗಳ ವಿಕಾಸದ ಮೇಲೆ, ತಿರುಪತಿ ಐಸರ್‌ನಲ್ಲಿ ವಿ.ವಿ. ರಾಬಿನ್ ಪಶ್ಚಿಮ ಘಟ್ಟದ ಶೋಲಾ ಬೆಟ್ಟಗಳ ಹಕ್ಕಿಗಳ ಮೇಲೆ ಕೆಲಸ ಮಾಡುತ್ತಾರೆ. ಘಟ್ಟದ ಹಕ್ಕಿಗಳು ಬೇಕು ಅನ್ನುವವರಿಗೆ ತಿರುಪತಿ ಬೆಂಗಳೂರಿಗಿಂತ ಹತ್ತಿರದ ಆಯ್ಕೆ ಆಗಬಹುದು, ಗೈಡ್ ಅಲ್ಲಿದ್ದಾರೆ. ಇದನ್ನೇ ನಾನು ಸಂಸ್ಥೆಯ ಹೆಸರು ಕೊನೆಗೆ ನೋಡಿ ಅಂದಿದ್ದು. ಬಿಎಸ್ಸಿ ಮುಗಿಸಿದವರಿಗೆ ಕೆಲವು ಐಸರ್‌ಗಳಲ್ಲಿ ಇಂಟಿಗ್ರೇಟೆಡ್ ಪಿಎಚ್‌ಡಿಯೂ ಇದೆ. ಅದಕ್ಕೆ ಜಾಮ್ ಅನ್ನುವ ಪ್ರವೇಶ ಪರೀಕ್ಷೆ ಬರೆಯಬೇಕು.

ಹೈದರಾಬಾದಿನ ಸಿಸಿಎಂಬಿ ಅಣು ಜೀವವಿಜ್ಞಾನದ ತವರು. ಅದರದ್ದೇ ಲ್ಯಾಕೋನ್ಸ್ ಪ್ರಯೋಗಾಲಯ ಅಪಾಯದಲ್ಲಿರುವ ಪ್ರಾಣಿಗಳ ತಳಿವಿಜ್ಞಾನಕ್ಕೆ ಮೀಸಲು. ಕೆ. ತಂಗರಾಜ್ ಅವರು ಅಂಡಮಾನಿನ ಬುಡಕಟ್ಟುಗಳ ಮೂಲವನ್ನು ಡಿಎನ್‌ಎಯಲ್ಲಿ ಹುಡುಕಿದ್ದೂ ಸಿಸಿಎಂಬಿಯಲ್ಲೇ. ಮನುಷ್ಯರ ವಲಸೆಯ ಚರಿತ್ರೆ ಬೇಕಾದವರು ಮೊದಲು ಇಲ್ಲಿ ನೋಡಿ. ಡೆಹ್ರಾಡೂನಿನ ಭಾರತೀಯ ವನ್ಯಜೀವಿ ಸಂಸ್ಥೆಯಲ್ಲಿ ಪ್ರಾಜೆಕ್ಟ್ ಹುದ್ದೆಗೆ ಸೇರಿ, ಆಮೇಲೆ ಪಿಎಚ್‌ಡಿಗೆ ನೋಂದಾಯಿಸಿಕೊಳ್ಳುವವರು ಹೆಚ್ಚು. ಕಾಡಿನ ಕೆಲಸ ಯಥೇಚ್ಛ. ಆದರೆ ಪ್ರಾಜೆಕ್ಟಿನ ಕೆಲಸ ಒಂದು ಕಡೆ, ನಿಮ್ಮ ಥೀಸಿಸ್ ಇನ್ನೊಂದು ಕಡೆ ಆಗದಂತೆ ಮೊದಲೇ ಮಾತಾಡಿಕೊಳ್ಳಿ.

ನಮ್ಮ ರಾಜ್ಯದ ವಿಶ್ವವಿದ್ಯಾಲಯಗಳು

ಇವನ್ನು ಕೊನೆಯ ಆಯ್ಕೆ ಅಂತ ತಳ್ಳಿಹಾಕುವುದು ನನಗೆ ಒಪ್ಪಿಗೆಯಿಲ್ಲ. ಮೈಸೂರು ವಿಶ್ವವಿದ್ಯಾಲಯದ ಪ್ರಾಣಿಶಾಸ್ತ್ರ ವಿಭಾಗದಲ್ಲಿ ಡ್ರೊಸೊಫಿಲಾ ಸ್ಟಾಕ್ ಸೆಂಟರ್ ಇದೆ. ಅಲ್ಲಿ ಎಚ್.ಎ. ರಂಗನಾಥ್ ಮತ್ತು ಅವರ ಜೊತೆಗಾರರು ಒಂದು ಅಪರೂಪದ ಪ್ರಯೋಗ ಮಾಡಿದರು. ನಸೂಟಾ ಎಂಬ ನೊಣಕ್ಕೆ 8 ಕ್ರೋಮೋಸೋಮ್, ಅದರ ಹತ್ತಿರದ ಸಂಬಂಧಿ ಆಲ್ಬೊಮಿಕನ್ಸ್‌ಗೆ 6. ಎರಡನ್ನೂ ಕೂಡಿಸಿ ಲ್ಯಾಬಿನಲ್ಲಿ ತಲೆಮಾರುಗಟ್ಟಲೆ ಸಾಕಿದಾಗ ಹೊಸ ಕ್ರೋಮೋಸೋಮ್ ಜೋಡಣೆಯ ತಳಿಗಳು ಹುಟ್ಟಿ ಸ್ಥಿರವಾಗಿ ನಿಂತವು. ಅವನ್ನು ಸೈಟೋರೇಸ್ ಅನ್ನುತ್ತಾರೆ. ಪ್ರಭೇದ ಹುಟ್ಟುವ ದಾರಿಯ ಮೊದಲ ಹೆಜ್ಜೆಗಳನ್ನು ಮೈಸೂರಿನ ಬಾಟಲಿಗಳಲ್ಲಿ ನೋಡಿದರು, ಅದೂ ದುಬಾರಿ ಯಂತ್ರಗಳ ಕಾಲಕ್ಕಿಂತ ಮೊದಲು. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದಲ್ಲಿ ಕೆ.ಎನ್. ಗಣೇಶಯ್ಯ ಮತ್ತು ಆರ್. ಉಮಾ ಶಂಕರ್ ಸಸ್ಯಗಳಲ್ಲಿ ತಾಯಿಗೂ ಬೀಜಕ್ಕೂ ಇರುವ ಹಿತಗಳ ತಿಕ್ಕಾಟವನ್ನು ಬಿಡಿಸಿ ತೋರಿಸಿದರು. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಎಸ್.ಕೆ. ಸೈದಾಪುರ್ ಅವರ ಗುಂಪು ಗೊದಮೊಟ್ಟೆಗಳು ಒಡಹುಟ್ಟಿದವನ್ನು ಗುರುತಿಸುವುದನ್ನು ಅಧ್ಯಯನ ಮಾಡಿತು.

ತೊಂದರೆ ಇರುವುದು ಹಣದಲ್ಲಿ. ಜೆಆರ್‌ಎಫ್ ಇಲ್ಲದೆ ಸೇರಿದರೆ ಸ್ಟೈಪೆಂಡ್ ಇಲ್ಲ, ಇದ್ದರೂ ಅಲ್ಪ. ಕಿಟ್‌ಗಳಿಗೂ ಪರದಾಟ. ಹಾಗಾಗಿ ಹೊಟ್ಟೆಪಾಡಿಗೆ ಬೇರೆ ದಾರಿ ಇಲ್ಲದವರು ಫೆಲೋಶಿಪ್ ಇಲ್ಲದೆ ಸೇರಬೇಡಿ ಎಂದು ಕಳಕಳಿಯಿಂದ ಹೇಳುತ್ತೇನೆ. ಫೆಲೋಶಿಪ್ ಕೈಯಲ್ಲಿದ್ದು, ಗೈಡ್ ಒಳ್ಳೆಯವರಾಗಿದ್ದು, ಮನೆಯ ಹತ್ತಿರ ಇರಲೇಬೇಕಾದ ಕಾರಣ ಇದ್ದರೆ ಧೈರ್ಯವಾಗಿ ಸೇರಿ. ಸೀಕ್ವೆನ್ಸಿಂಗ್‌ಗೆ ಬೆಂಗಳೂರಿನ ಲ್ಯಾಬಿನ ಜೊತೆ ಸಹಯೋಗ ಮಾಡಿಕೊಳ್ಳಬಹುದು.

ಈಗಾಗಲೇ ಡಿಗ್ರಿ ಕಾಲೇಜಿನಲ್ಲಿ ಪಾಠ ಮಾಡುತ್ತಿರುವವರಿಗೆ ಇನ್ನೊಂದು ದಾರಿ ಇದೆ. ಯುಜಿಸಿಯ 2022ರ ನಿಯಮ ಅರೆಕಾಲಿಕ ಪಿಎಚ್‌ಡಿಗೆ ಅವಕಾಶ ಕೊಟ್ಟಿದೆ. ಕೆಲಸ ಕೊಟ್ಟವರ ಒಪ್ಪಿಗೆ ಪತ್ರ ಬೇಕು. ಇವರು ಕಾಲೇಜಿನ ಸುತ್ತಮುತ್ತಲೇ ಸಿಗುವ ಜೀವಿಯನ್ನು ಆರಿಸಿಕೊಳ್ಳಲಿ, ಇರುವೆ, ಜೇಡ, ಕೆರೆಯ ಮೀನು ಹೀಗೆ. ರಜೆ ಸಿಕ್ಕಾಗ ಮಾತ್ರ ಹೋಗಬಹುದಾದ ಕಾಡನ್ನು ನಂಬಿಕೊಂಡರೆ ಆರು ವರ್ಷ ಸಾಲದು.

ಯುರೋಪ್: ಪಿಎಚ್‌ಡಿ ಅಲ್ಲಿ ನೌಕರಿ

ಯುರೋಪಿನಲ್ಲಿ ಬಹುಪಾಲು ಪಿಎಚ್‌ಡಿ ಅಂದರೆ ಒಂದು ಹುದ್ದೆ. ಜಾಹೀರಾತು ಬರುತ್ತದೆ, ವಿಷಯ ಆಗಲೇ ನಿಗದಿಯಾಗಿರುತ್ತದೆ, ನೀವು ಅರ್ಜಿ ಹಾಕುತ್ತೀರಿ. ಲಾಭ: ಸಂಬಳ, ಆರೋಗ್ಯ ವಿಮೆ, ಮೂರು ನಾಲ್ಕು ವರ್ಷದಲ್ಲಿ ಮುಗಿತಾಯ. ನಷ್ಟ: ನಿಮ್ಮದೇ ಪ್ರಶ್ನೆ ಕಟ್ಟಿಕೊಳ್ಳುವ ಅವಕಾಶ ಕಮ್ಮಿ. ಮಾಸ್ಟರ್ಸ್ ಬಹುತೇಕ ಕಡ್ಡಾಯ.

ಜರ್ಮನಿಯಲ್ಲಿ ಪ್ಲೋನ್ ಅನ್ನುವ ಚಿಕ್ಕ ಊರಿನಲ್ಲಿ ಮ್ಯಾಕ್ಸ್ ಪ್ಲಾಂಕ್ ಜೀವವಿಕಾಸ ಸಂಸ್ಥೆ ಇದೆ. ಯೇನಾದಲ್ಲಿ ರಾಸಾಯನಿಕ ಪರಿಸರ ವಿಜ್ಞಾನದ್ದು, ಲೈಪ್‌ಜಿಗ್‌ನಲ್ಲಿ ಮಾನವ ವಿಕಾಸದ್ದು. ಪ್ರಾಚೀನ ಡಿಎನ್‌ಎಗೆ 2022ರ ನೊಬೆಲ್ ಪಡೆದ ಸ್ವಾಂಟೆ ಪಾಬೊ ಈ ಲೈಪ್‌ಜಿಗ್ ಸಂಸ್ಥೆಯವರೇ. ಇವುಗಳ ಜೊತೆಗಿರುವ ಐಎಂಪಿಆರ್‌ಎಸ್ ಅನ್ನುವ ಪಿಎಚ್‌ಡಿ ಶಾಲೆಗಳ ಮೂಲಕ ಪ್ರವೇಶ ಸಿಗುತ್ತದೆ, ಕೆಲಸವೆಲ್ಲ ಇಂಗ್ಲಿಷಿನಲ್ಲಿ. ತೆರಿಗೆ, ವಿಮೆ ಕಳೆದು ತಿಂಗಳಿಗೆ 2,000 ಯೂರೋ ಆಸುಪಾಸು ಕೈಗೆ ಬರುತ್ತದೆ. ಸಣ್ಣ ಊರಲ್ಲಿ ಒಬ್ಬರಿಗೆ ಸಾಕು, ಸ್ವಲ್ಪ ಉಳಿಯುತ್ತದೆ ಕೂಡ. ಆದರೆ ಜರ್ಮನ್ ಬರದಿದ್ದರೆ ಮನೆ ಹುಡುಕುವುದು, ಆಸ್ಪತ್ರೆ, ಕಚೇರಿ ಎಲ್ಲಾ ಸುಸ್ತು.

ಸ್ವೀಡನ್‌ನ ಉಪ್ಸಾಲಾ ಮತ್ತು ಲುಂಡ್ ಈ ವಿಷಯಕ್ಕೆ ಹೆಸರಾದವು. ಲಿನ್ನೇಯಸ್ ಪಾಠ ಮಾಡಿದ ಊರು ಉಪ್ಸಾಲಾ. ಅಲ್ಲಿ ನಾಲ್ಕು ವರ್ಷದ ಸಂಬಳದ ಹುದ್ದೆ, ಶೇ. 20ರ ತನಕ ಪಾಠದ ಕೆಲಸ ಸೇರಿದರೆ ಐದು ವರ್ಷ. ತಿಂಗಳಿಗೆ ತೆರಿಗೆಗೆ ಮುಂಚೆ 30,000 ಕ್ರೋನಾ ಮೇಲೆ. ಮಗುವಾದರೆ ರಜೆ ಸಿಗುತ್ತದೆ, ಹುದ್ದೆಯ ಅವಧಿಯೂ ಅಷ್ಟು ಮುಂದಕ್ಕೆ ಹೋಗುತ್ತದೆ. ಮದುವೆಯಾದ ಹೆಣ್ಣುಮಕ್ಕಳು ಕೇಳಿದಾಗ ನಾನು ಮೊದಲು ಹೇಳುವ ಹೆಸರು ಸ್ವೀಡನ್. ಸ್ವಿಟ್ಜರ್ಲೆಂಡಿನ ಲೊಸಾನ್‌ನಲ್ಲಿ ಸಂಬಳ ಇನ್ನೂ ಜಾಸ್ತಿ, ಖರ್ಚೂ ಅಷ್ಟೇ ಜಾಸ್ತಿ.

ಬ್ರಿಟನ್ನಿನ ದಾರಿ ಬೇರೆ. ಅಲ್ಲಿ ಸ್ಟೈಪೆಂಡ್, ಸಂಬಳ ಅಲ್ಲ. ಸಂಶೋಧನೆಗೆ ಸರ್ಕಾರದ ಹಣ ಹಂಚುವ ಯುಕೆಆರ್‌ಐ ಸಂಸ್ಥೆಯ ದರ 2025-26ಕ್ಕೆ ವರ್ಷಕ್ಕೆ 20,780 ಪೌಂಡ್. ಸರ್ಕಾರಿ ಹಣದ ಸೀಟುಗಳಲ್ಲಿ ಹೊರದೇಶದವರಿಗೆ ಶೇ. 30ರ ಮಿತಿ ಇದೆ, ಹಾಗಾಗಿ ಪೈಪೋಟಿ ತೀವ್ರ. ಇನ್ನೊಂದು ಖರ್ಚು ಎಷ್ಟೋ ಜನರಿಗೆ ಕೊನೆ ಗಳಿಗೆಯಲ್ಲಿ ಗೊತ್ತಾಗುತ್ತದೆ. ವೀಸಾ ಅರ್ಜಿಯ ಹೊತ್ತಲ್ಲೇ ಆರೋಗ್ಯ ಶುಲ್ಕ ಅಂತ ವರ್ಷಕ್ಕೆ 776 ಪೌಂಡ್, ಅಷ್ಟೂ ವರ್ಷದ್ದು ಒಟ್ಟಿಗೆ ಕಟ್ಟಬೇಕು. ನಾಲ್ಕು ವರ್ಷಕ್ಕೆ 3,000 ಪೌಂಡ್ ದಾಟುತ್ತದೆ. ವಿಶ್ವವಿದ್ಯಾಲಯ ಕೊಡುತ್ತದಾ ಅಂತ ಆಫರ್ ಒಪ್ಪುವ ಮೊದಲೇ ಕೇಳಿ.

ಬರೀ ಬಿಎಸ್ಸಿ ಇದ್ದು ಯುರೋಪೇ ಬೇಕು ಅನ್ನುವವರಿಗೆ ಮೀಮ್ ಅನ್ನುವ ಜಂಟಿ ಮಾಸ್ಟರ್ಸ್ ಒಳ್ಳೆಯ ಏಣಿ. ಗ್ರೋನಿಂಗನ್, ಉಪ್ಸಾಲಾ, ಮಾಂಪೆಲಿಯೆ, ಮ್ಯೂನಿಕ್ ಸೇರಿ ನಡೆಸುವ ಜೀವವಿಕಾಸದ ಎರಡು ವರ್ಷದ ಕೋರ್ಸ್. ಎರಾಸ್ಮಸ್ ಮುಂಡಸ್ ಸ್ಕಾಲರ್‌ಶಿಪ್ ಆ ವರ್ಷಕ್ಕೆ ಇದೆಯಾ ಅಂತ ಮಾತ್ರ ಪ್ರಕಟಣೆಯಲ್ಲಿ ನೋಡಿಕೊಳ್ಳಿ. ಅದಿಲ್ಲದೆ ಸಾಲ ಮಾಡಿ ಹೋಗುವುದಕ್ಕೆ ನಾನು ಹೇಳುವುದಿಲ್ಲ.

ಅಮೆರಿಕ

ಐದಾರು ವರ್ಷ. ಮೊದಲೆರಡು ವರ್ಷ ಕೋರ್ಸು, ಆಮೇಲೆ ಅರ್ಹತಾ ಪರೀಕ್ಷೆ, ನಡುನಡುವೆ ಬಿಎಸ್ ಮಕ್ಕಳಿಗೆ ಪಾಠ. ನಿಮ್ಮದೇ ಪ್ರಶ್ನೆ ಕಟ್ಟಿಕೊಳ್ಳಲು ಇಷ್ಟು ಜಾಗ ಬೇರೆಲ್ಲೂ ಇಲ್ಲ. ಕಾರ್ನೆಲ್, ಮಿಷಿಗನ್, ಷಿಕಾಗೊ, ಡೇವಿಸ್ ಮುಂತಾದ ಕಡೆ ಇಡೀ ವಿಭಾಗಗಳೇ ಇವೆ. ಬರ್ಕ್ಲಿಯ ಕಶೇರುಕ ಪ್ರಾಣಿಗಳ ಮ್ಯೂಸಿಯಂ 1908ರಿಂದ ಮಾದರಿಗಳನ್ನು ಕೂಡಿಟ್ಟಿದೆ. ನೂರು ವರ್ಷದ ಹಿಂದಿನ ಚರ್ಮದಿಂದ ಡಿಎನ್‌ಎ ತೆಗೆದು ಇವತ್ತಿನದಕ್ಕೆ ಹೋಲಿಸುವ ಕೆಲಸಕ್ಕೆ ಅಂಥ ಸಂಗ್ರಹವೇ ಬೇಕು.

ಅಲ್ಲಿ ಜೀವವಿಕಾಸ ವಿಭಾಗಗಳಲ್ಲಿ ಒಬ್ಬ ಪ್ರೊಫೆಸರ್ ಒಪ್ಪದೆ ಸೀಟು ಸಿಗುವುದು ಅಪರೂಪ. ಹಾಗಾಗಿ ಸುಮ್ನೆ ಹತ್ತು ಅರ್ಜಿ ಹಾಕಬೇಡಿ. ಒಂದೊಂದಕ್ಕೆ ನೂರು ಡಾಲರ್ ಹತ್ತಿರ ಖರ್ಚು. ಶುಲ್ಕ ವಿನಾಯಿತಿ ಕೇಳಿ, ಎಷ್ಟೋ ಕಡೆ ಕೊಡುತ್ತಾರೆ. ಜಿಆರ್‌ಇ ಪ್ರವೇಶ ಪರೀಕ್ಷೆಯನ್ನು ಅನೇಕ ಕಡೆ ತೆಗೆದುಹಾಕಿದ್ದಾರೆ. ಮೂರು ವರ್ಷದ ಬಿಎಸ್ಸಿಯನ್ನು ಕೆಲವರು ಒಪ್ಪುತ್ತಾರೆ, ಕೆಲವರು ಇಲ್ಲ. ಸ್ಟೈಪೆಂಡ್ ವರ್ಷಕ್ಕೆ 25,000 ಡಾಲರಿನಿಂದ 50,000ದ ತನಕ ಊರಿಂದ ಊರಿಗೆ ಬದಲಾಗುತ್ತದೆ. ಆ ಊರಿನ ಬಾಡಿಗೆ ನೋಡದೆ ಈ ಸಂಖ್ಯೆಗೆ ಅರ್ಥವಿಲ್ಲ. 2025ರಿಂದ ಸರ್ಕಾರದ ಸಂಶೋಧನಾ ಹಣಕ್ಕೆ ಕತ್ತರಿ ಬಿದ್ದು ಹಲವು ವಿಭಾಗಗಳು ಹೊಸ ವಿದ್ಯಾರ್ಥಿಗಳನ್ನು ಕಮ್ಮಿ ಮಾಡಿವೆ. ಈ ಹೊತ್ತಿನಲ್ಲಿ ಅಮೆರಿಕವನ್ನೇ ಒಂದೇ ಆಯ್ಕೆ ಮಾಡಿಕೊಳ್ಳುವುದು ಅಪಾಯ. ಪಟ್ಟಿಯಲ್ಲಿರಲಿ, ಜೊತೆಗೆ ಬೇರೆಯವೂ ಇರಲಿ.

ನಿಮ್ಮ ಪರಿಸ್ಥಿತಿಗೆ ಯಾವುದು?

ಮನೆಗೆ ದುಡ್ಡು ಕಳಿಸಲೇಬೇಕು ಅನ್ನುವವರಿಗೆ ಜರ್ಮನಿ, ಸ್ವೀಡನ್, ಸ್ವಿಟ್ಜರ್ಲೆಂಡ್ ಮುಂದೆ. ಭಾರತದ ಜೆಆರ್‌ಎಫ್‌ನಲ್ಲಿ ಹಾಸ್ಟೆಲಿನಲ್ಲಿದ್ದರೆ ಸ್ವಲ್ಪ ಕಳಿಸಬಹುದು, ಬೆಂಗಳೂರಲ್ಲಿ ಬಾಡಿಗೆ ಮನೆ ಮಾಡಿದರೆ ಕಷ್ಟ. ಅಪ್ಪ ಅಮ್ಮನ ಆರೋಗ್ಯ ಸರಿಯಿಲ್ಲ, ಹತ್ತಿರವೇ ಇರಬೇಕು ಅನ್ನುವವರಿಗೆ ಬೆಂಗಳೂರು, ಮೈಸೂರು, ಧಾರವಾಡ. ಅದರಲ್ಲಿ ಯಾವ ಕೀಳರಿಮೆಯೂ ಬೇಡ.

ಎಂಎಸ್ಸಿಯಲ್ಲಿ ಸಂಶೋಧನೆಯ ಅನುಭವವೇ ಸಿಗದವರು ನೇರ ಪಿಎಚ್‌ಡಿಗೆ ಧಾವಿಸಬೇಡಿ. ಒಂದು ವರ್ಷ ಪ್ರಾಜೆಕ್ಟ್ ಅಸಿಸ್ಟೆಂಟ್ ಆಗಿ. ನಿಮಗೆ ಕಾಡು ಒಗ್ಗುತ್ತದಾ, ಪಿಪೆಟ್ ಒಗ್ಗುತ್ತದಾ ಅಂತ ಆ ಒಂದು ವರ್ಷದಲ್ಲಿ ಗೊತ್ತಾಗುತ್ತದೆ. ಹೊರದೇಶದವರು ಕೇಳುವ ಶಿಫಾರಸು ಪತ್ರವೂ ಸಿಗುತ್ತದೆ.

ಪರಿಶಿಷ್ಟ ಜಾತಿಯ, ಅಲೆಮಾರಿ ಸಮುದಾಯಗಳ, ಭೂಮಿಯಿಲ್ಲದ ಕೃಷಿ ಕೂಲಿಯವರ ಮಕ್ಕಳಿಗೆ ಕೇಂದ್ರದ ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನ ಇದೆ. ವಯಸ್ಸು 35ರೊಳಗೆ, ಕುಟುಂಬದ ಆದಾಯ ವರ್ಷಕ್ಕೆ 8 ಲಕ್ಷದೊಳಗೆ ಇರಬೇಕು. ಇದು ಸಿಕ್ಕರೆ ಗೈಡ್ ನಿಮಗೆ ಹಣ ಹುಡುಕಬೇಕಿಲ್ಲ, ಒಪ್ಪಿಗೆ ಸಿಗುವುದು ಎಷ್ಟೋ ಸುಲಭ.

ಮುಂದೆ ಐಸರ್, ಎನ್‌ಸಿಬಿಎಸ್‌ನಂಥ ಕಡೆ ಪ್ರೊಫೆಸರ್ ಆಗಬೇಕು ಅಂದರೆ ಪಿಎಚ್‌ಡಿ ಎಲ್ಲೇ ಮಾಡಿ, ಅದರ ನಂತರದ ಸಂಶೋಧನೆ, ಅಂದರೆ ಪೋಸ್ಟ್‌ಡಾಕ್, ಹೊರದೇಶದಲ್ಲಿ ಮಾಡಿದವರೇ ಅಲ್ಲಿ ಹೆಚ್ಚು. ಹಾಗಾಗಿ ಪಿಎಚ್‌ಡಿ ಇಲ್ಲಿ, ಪೋಸ್ಟ್‌ಡಾಕ್ ಅಲ್ಲಿ ಅನ್ನೋದು ಘಟ್ಟದ ಜೀವಿಗಳನ್ನು ಪ್ರೀತಿಸುವವರಿಗೆ ಚೆನ್ನಾಗಿ ಹೊಂದುವ ಜೋಡಿ. ಸರ್ಕಾರಿ ಕಾಲೇಜಿನ ಹುದ್ದೆ ಗುರಿಯಾದರೆ ನೆಟ್ ಅಥವಾ ರಾಜ್ಯದ ಕೆ-ಸೆಟ್ ಪರೀಕ್ಷೆ ಮೊದಲು ಮುಗಿಸಿಕೊಳ್ಳಿ.

ಪತ್ರ ಮತ್ತು ದಿನಾಂಕಗಳು

ಗೈಡ್‌ಗೆ ಬರೆಯುವ ಮೇಲ್ ಒಂದು ಪುಟಕ್ಕಿಂತ ಚಿಕ್ಕದಿರಲಿ. ಅವರ ಯಾವ ಪೇಪರ್ ಓದಿದಿರಿ, ಅದರಲ್ಲಿ ಯಾವ ಪ್ರಶ್ನೆ ಉಳಿದಿದೆ ಅನ್ನಿಸಿತು, ನಿಮಗೆ ಏನು ಬರುತ್ತದೆ, ಯಾವ ವರ್ಷ ಸೇರಬೇಕು, ಫೆಲೋಶಿಪ್ ಇದೆಯಾ, ಇಷ್ಟು ಸಾಕು. 'ರೆಸ್ಪೆಕ್ಟೆಡ್ ಸರ್' ಅಂತ ಒಂದೇ ಮೇಲ್ ಐವತ್ತು ಜನರಿಗೆ ಹೋದರೆ ಯಾರೂ ಉತ್ತರಿಸುವುದಿಲ್ಲ. ಉತ್ತರ ಬರದಿದ್ದರೆ ಎರಡು ವಾರ ಬಿಟ್ಟು ಒಮ್ಮೆ ನೆನಪಿಸಿ. ಒಪ್ಪಿಗೆ ಬಂದ ಮೇಲೆ ಆ ಲ್ಯಾಬಿನ ಇಬ್ಬರು ವಿದ್ಯಾರ್ಥಿಗಳ ಜೊತೆ ಫೋನಿನಲ್ಲಿ ಮಾತಾಡಿ, ಬರೆದು ಕೇಳಿದರೆ ಅವರು ನಿಜ ಹೇಳುವುದು ಕಷ್ಟ. ಗೈಡ್ ಡ್ರಾಫ್ಟ್ ಓದಿ ವಾಪಸ್ ಕೊಡಲು ಎಷ್ಟು ದಿನ ತೆಗೆದುಕೊಳ್ಳುತ್ತಾರೆ, ರಜೆ ಕೇಳಿದರೆ ಏನನ್ನುತ್ತಾರೆ, ಪರ್ಮಿಷನ್‌ಗೆ ಯಾರು ಓಡಾಡುತ್ತಾರೆ ಅಂತ ಕೇಳಿ.

ಗೇಟ್ ಅರ್ಜಿ ಆಗಸ್ಟ್, ಸೆಪ್ಟೆಂಬರ್‌ನಲ್ಲಿ ತೆರೆಯುತ್ತದೆ, ಪರೀಕ್ಷೆ ಫೆಬ್ರವರಿಯಲ್ಲಿ. ಸಿಎಸ್‌ಐಆರ್ ನೆಟ್ ಜೂನ್ ಮತ್ತು ಡಿಸೆಂಬರ್ ಅಂತ ವರ್ಷಕ್ಕೆರಡು ಸಲ. ಜೆ-ಜೀಬಿಲ್ಸ್ ಚಳಿಗಾಲದಲ್ಲಿ. ಅಮೆರಿಕದ ಕೊನೆಯ ದಿನಾಂಕಗಳು ಡಿಸೆಂಬರ್ ಮೊದಲಲ್ಲಿ, ಹಾಗಾಗಿ ಪ್ರೊಫೆಸರ್‌ಗಳಿಗೆ ಆಗಸ್ಟ್‌ನಲ್ಲೇ ಬರೆಯಬೇಕು. ಬ್ರಿಟನ್ನಿನದು ಹೆಚ್ಚಾಗಿ ಜನವರಿ. ಇವೆಲ್ಲ ದಾಟಿ ಹೋದರೂ ಸ್ವೀಡನ್, ಜರ್ಮನಿಯ ಹುದ್ದೆಗಳ ಜಾಹೀರಾತು ವರ್ಷಪೂರ್ತಿ ಬರುತ್ತಿರುತ್ತದೆ. ಕೆಲವಕ್ಕೆ ಮೂರೇ ವಾರ ಸಮಯ ಇರುತ್ತದೆ. ಎರಡು ಪುಟದ ಸಿವಿ, ಅಂಕಪಟ್ಟಿಗಳ ಸ್ಕ್ಯಾನ್, ಪತ್ರ ಬರೆದುಕೊಡಲು ಒಪ್ಪಿದ ಇಬ್ಬರು ಮೇಷ್ಟ್ರುಗಳ ಹೆಸರು ಇವಿಷ್ಟು ಒಂದು ಫೋಲ್ಡರಿನಲ್ಲಿ ಯಾವಾಗಲೂ ಸಿದ್ಧ ಇರಲಿ.